ಫಟಫಟಿ ಹಗೂರ ಮಾಡಿದ್ದು

ಪಂಚಮಿ ಮುಗಿದು ಎಂಟು ದಿನ ಆಗಿತ್ತು, ಡಬ್ಬಿಯೊಳಗೆ ಇನ್ನೂ ಉಂಡಿ ಉಳಿದಿದ್ದವು. ಸಂಜೆ, ದನ ಮನೆಗೆ ತಿರುಗುವ ಹೊತ್ತು. ಮಧ್ಯಾಹ್ನದ ಮಳೆ ನಿಂತು ಕಲಬುರ್ಗಿಯ ಗಾಜಿಪುರದ ಓಣಿಯೆಲ್ಲ ರಾಡಿಯಾಗಿತ್ತು. ನಾನು ಎತ್ತುಗಳಿಗೆ ಕಣಿಕೆ ಹಾಕುತ್ತಿದ್ದೆ. ದೌಲಪ್ಪಣ್ಣನ ಮೋಟಾರ್ ಸೈಕಲ್ಲಿನ, ನಮ್ಮ ಬಾಯಲ್ಲಿ ಫಟಫಟಿಯ, ಸಪ್ಪಳ ದೂರದಿಂದಲೇ ಕೇಳಿಸಿತು. ಬೆಳಿಗ್ಗೆ ಅವನು ಕಮಲಾಪುರಕ್ಕೆ ಹೋಗಿದ್ದ, ಪಂಚಮಿಗೆಂದು ತವರಿಗೆ ಹೋದ ಹೆಂಡತಿಯನ್ನು ಕರೆದುಕೊಂಡು ಬರಲು.

ದೊಡ್ಡವ್ವ ನೀಲಗಂಗಮ್ಮ ಸೊಸೆಗೆ ಬೆಳಗಲು ಆರತಿ ತಟ್ಟೆ ಹಿಡಿದು ಹೊಸ್ತಿಲಿಗೆ ಬಂದು ನಿಂತಳು. ಫಟಫಟಿ ಬಂತು. ಅದರ ಮೇಲೆ ಅಣ್ಣ ಒಬ್ಬನೇ ಇದ್ದ. ಗಾಲಿಗೆ ಮೆತ್ತಿದ ಕೆಂಪು ಮಣ್ಣಷ್ಟೇ ಕಮಲಾಪುರದಿಂದ ಅವನ ಸಂಗಡ ಬಂದಿತ್ತು.

"ಎಲ್ಲಿ ಆಕಿ?" ಅಂದಳು ದೊಡ್ಡವ್ವ.

"ಕೆಡವಿತು."

"ಯಾರು ಕೆಡವ್ಯಾರ?"

"ಈ ಸ್ಪ್ರಿಂಗ್ ಅವ್ವಾ, ಈ ಸ್ಪ್ರಿಂಗ್!" ಅಂತ ಅಣ್ಣ ಸೀಟಿನ ಕೆಳಗೆ ಬೂಟಿನಿಂದ ಒದ್ದ. ದೊಡ್ಡವ್ವ ಆರತಿಯ ದೀಪವನ್ನು ಬೆರಳಿನಿಂದ ಆರಿಸಿ ಒಳಗೆ ಹೋದಳು.

ನಾನು ಆ ಮನೆಯ ಮಗ ಅಲ್ಲ. ದೊಡ್ಡವ್ವ ನಮ್ಮವ್ವನ ಅಕ್ಕ. ಅವ್ವ ತೀರಿದ ಮೇಲೆ ಅಲ್ಲೇ ಬೆಳೆದೆ. ಅಣ್ಣನದು ಬೇಳೆ ವ್ಯಾಪಾರ, ನನ್ನದು ಬಂಡಿ. ಚೀಲ ಹೇರಿ ಗಂಜ್ ಪೇಟೆಗೆ ಮುಟ್ಟಿಸುವುದು, ಊರಿಂದೂರಿಗೆ ಮನೆಯ ಹೆಣ್ಣುಮಕ್ಕಳನ್ನು ಕರೆದುಕೊಂಡು ಹೋಗಿ ಬರುವುದು ನನ್ನ ಕೆಲಸ. ಅಣ್ಣನ ಹೆಂಡತಿ ಶಿವಕಾಂತಮ್ಮ ವೈನಿಯನ್ನು ಮದುವೆಯಾದಾಗ ಕರೆತಂದವನೂ ನಾನೇ. ಹುಲ್ಲು ಹಾಸಿ, ಅದರ ಮೇಲೆ ಕೌದಿ ಹಾಸಿ ತಂದಿದ್ದೆ. ದಾರಿಯಲ್ಲಿ ಅವರಿಗೆ ನಿದ್ದೆ ಬಂದಿತ್ತು.

ಆಗ ನಿಜಾಮರ ಕಾಲ. ಕಲಬುರ್ಗಿಯಲ್ಲಿ ಫಟಫಟಿ ಇದ್ದವರನ್ನು ಬೆರಳ ಮೇಲೆ ಎಣಿಸಬಹುದಿತ್ತು. ರೈಲ್ವೆಯ ಒಬ್ಬ ಬಿಳಿ ಸಾಹೇಬ ತನ್ನ ದೇಶಕ್ಕೆ ಹೊರಟಾಗ ಮಾರಿದ್ದನ್ನು ಅಣ್ಣ ತೆಗೆದುಕೊಂಡಿದ್ದ. ಸಾಹೇಬ ಎಮ್ಮೆಯಂಥ ಆಳು. ಅವನ ಭಾರಕ್ಕೆ ತಕ್ಕಂತೆ ಮುಂದಿನ ಗಾಲಿ ಹಿಡಿದ ಚಿಮಟಾದ ಸ್ಪ್ರಿಂಗ್, ಸೀಟಿನ ಸ್ಪ್ರಿಂಗ್ ಎಲ್ಲ ಬಿರುಸಾಗಿದ್ದವು. ಅಣ್ಣನೋ ಕಬ್ಬಿನ ಜಲ್ಲೆ. ಅವನು ಕುಳಿತರೆ ಸೀಟಿಗೆ ಯಾರೋ ಕುಳಿತರೆಂದು ಗೊತ್ತೇ ಆಗುತ್ತಿದ್ದಿಲ್ಲ. ಸಣ್ಣ ಕಲ್ಲು ಬಂದರೂ ಪುಟಿಯುತ್ತಿದ್ದ. ಇದು ನಿಜ, ಅವನ ತಕರಾರಿನಲ್ಲಿ ಅಷ್ಟು ಸತ್ಯ ಇತ್ತು. ಆದರೆ ಆ ದಿನ ಏನಾಯಿತು ಅಂತ ಒಂದೊಂದೇ ಮಾತಾಗಿ ಹೊರಬಿದ್ದಾಗ ನನಗೆ ತಿಳಿದದ್ದು ಬೇರೆ. ಕಮಲಾಪುರ ದಾಟಿದ ಮೇಲೆ ಇಳಿಜಾರು ಇದೆ, ಕೆಳಗೆ ಒಂದು ಹಳ್ಳ. ವೈನಿ ಹಿಂದೆ ಒಂದೇ ಬದಿಗೆ ಕಾಲು ಇಳಿಬಿಟ್ಟು ಕುಳಿತಿದ್ದರು. ಅಣ್ಣ ಆ ಇಳಿಜಾರಿನಲ್ಲಿ ಫಟಫಟಿಯನ್ನು ಬಿಟ್ಟ ಬಾಣದಂತೆ ಬಿಟ್ಟ. ಹಳ್ಳದ ಆಚೆಗೆ ಹೋಗಿ ತಿರುಗಿ ನೋಡಿದರೆ ಹೆಂಡತಿ ಹಳ್ಳದ ಈಚೆಗೆ ಜಾಲಿ ಕಂಟಿಯಲ್ಲಿ.

ಮೂಳೆ ಮುರಿದಿದ್ದಿಲ್ಲ. ಆದರೆ ಎರಡೂ ಕೈಯ ಬಳೆ ಒಡೆದಿದ್ದವು. ಪಂಚಮಿಗೆಂದು ತವರಿನಲ್ಲಿ ಇಡಿಸಿಕೊಂಡ ಹೊಸ ಬಳೆ. ವೈನಿ ಎದ್ದು, ಸೆರಗಿನ ಮುಳ್ಳು ತೆಗೆದು, ಬಂದ ದಾರಿಯಲ್ಲೇ ನಡೆದು ತವರಿಗೆ ಹೋಗಿಬಿಟ್ಟಿದ್ದರು.

"ಮಲ್ಲಣ್ಣಾ, ನಾಳೆ ಬಂಡಿ ಹೂಡು," ಅಂದಳು ದೊಡ್ಡವ್ವ. "ಡಜನ್ ಹಸಿರು ಬಳಿ, ಒಂದು ಕುಬಸ ತಗೊಂಡು ಹೋಗಿ ನನ್ನ ಸೊಸಿನ್ನ ಕರ್ಕೊಂಡು ಬಾ."

"ಬಂಡಿ ಬ್ಯಾಡ," ಅಂದ ಅಣ್ಣ. "ಫಟಫಟಿ ಮ್ಯಾಲಿಂದ ಬಿದ್ದಾಳ, ಫಟಫಟಿ ಮ್ಯಾಲೇ ಬರಬೇಕು. ಇಲ್ಲಂದ್ರ ಕಮಲಾಪುರದವರು ನನ್ನ ಕಂಡಲ್ಲೆಲ್ಲಾ ನಗತಾರ."

"ಈಗೇನು ಅಳಾಕತ್ತಾರೇನು?"

ಅಣ್ಣ ಜಪ್ಪಯ್ಯ ಅಂದರೂ ಒಪ್ಪಲಿಲ್ಲ. ಬಳೆ ಕೊಟ್ಟು ಮಾತು ತಿಳಿದುಕೊಂಡು ಬರಲು ಮಾತ್ರ ನನ್ನನ್ನು ಕಳಿಸಿದರು.

ವೈನಿಯ ತಂದೆ ಗುರುಲಿಂಗಪ್ಪಮಾವನವರಿಗೆ ಕಮಲಾಪುರದಲ್ಲಿ ಕೆಂಬಾಳೆಯ ತೋಟ. ಮೆತ್ತಗಿನ ಮನುಷ್ಯರು. ಅಂದು ಮಾತ್ರ ಕಟ್ಟೆಯ ಮೇಲೆ ಬೆನ್ನು ನೆಟ್ಟಗೆ ಮಾಡಿ ಕುಳಿತಿದ್ದರು.

"ಮಗಳು ಮುತ್ತೈದಿ, ನಟ್ಟ ನಡು ದಾರ್ಯಾಗ ಬಳಿ ಒಡಕೊಂಡು ಬರಿಗೈಲೆ ನನ್ನ ಬಾಗಿಲಿಗೆ ಬಂದಳು. ಓಣಿಯವರು ನನ್ನ ಅಳಿಯಗ ಏನಾತು ಅಂತ ಕೇಳಲಿಕ್ಕೆ ಓಡಿ ಬಂದ್ರು. ನನ್ನ ಎದಿ ಹ್ಯಾಂಗ ಆಗಿರಬೇಕು ಹೇಳಪಾ! ಚೌತಿ ಒಳಗ ನಿಮ್ಮ ಅಣ್ಣ ಸರಿಯಾಗಿ ಬಂದು ಕರ್ಕೊಂಡು ಹೋಗಲಿ. ಇಲ್ಲಂದ್ರ ಹಿರೇರನ್ನ ಕೂಡಸ್ತೀನಿ. ಆಮ್ಯಾಲ ನನ್ನ ಮಗಳು ನನ್ನ ಮನ್ಯಾಗ."

ಹಿರಿಯರು ಕೂಡಿದರೆ ಏನಾಗುತ್ತದೆ ಅಂತ ನಾನು ನೋಡಿದ್ದೆ. ಅವರು ಕೂಡಿದ ಮೇಲೆ ಗಂಡನೂ ಹೆಂಡತಿಯೂ ಮಾತಾಡುವುದು ನಿಲ್ಲುತ್ತದೆ, ಬರೀ ಹಿರಿಯರೇ ಮಾತಾಡುತ್ತಾರೆ.

ವೈನಿ ಪಡಸಾಲೆಯ ಕಂಬದ ಹಿಂದೆ ನಿಂತು ಬಳೆಗಳನ್ನು ಸೆರಗಿನಲ್ಲಿ ಹಾಕಿಸಿಕೊಂಡರು. ಮೊಣಕೈಗೆ ಅರಿಶಿನ ಹಚ್ಚಿದ್ದರು.

"ವೈನೀ, ಫಟಫಟಿ ಮ್ಯಾಲೇ ಬರಬೇಕಂತ ಅಣ್ಣ ಹಟ ಹಿಡದಾನ."

"ಬರತೀನಿ," ಅಂದರು. "ಹಗೂರಕ ಅಂದ್ರ ಬರತೀನಿ. ಇಷ್ಟೇ ಹೇಳು. ಬ್ಯಾರೆ ಏನೂ ಹೇಳಬ್ಯಾಡ."

ಹಗೂರಕ. ನಮ್ಮ ಕಡೆ ಮಗು ನಡೆಯುವಾಗ, ಮುದುಕರು ಮೆಟ್ಟಲು ಇಳಿಯುವಾಗ, ನಾನು ಎತ್ತು ಹೊಡೆಯುವಾಗ, ಎಲ್ಲರೂ ಅನ್ನುವ ಮಾತು. ನಿಧಾನವಾಗಿ ಅಂತ. ಅದರಲ್ಲಿ ತಿಳಿಯದೆ ಹೋಗುವಂಥದ್ದು ಏನೂ ಇಲ್ಲ ಅಂದುಕೊಂಡು ನಾನು ಬಂಡಿ ತಿರುಗಿಸಿದೆ.

ಮನೆಗೆ ಬಂದು ಹೇಳಿದೆ. ಅಣ್ಣನ ಮುಖ ಅರಳಿತು.

"ಕೇಳಿದೇನವ್ವಾ? ಹಗೂರ ಆಗಬೇಕಂತ! ನಾ ಅಂದಿದ್ದಿಲ್ಲಾ? ಸ್ಪ್ರಿಂಗೇ ಬಿರುಸು. ಹೆಣ್ಣಮಗಳಿಗೂ ತಿಳದದ!"

"ಅಣ್ಣಾ, ಹಗೂರ ಅಲ್ಲ. ಹಗೂರಕ."

"ಎರಡೂ ಒಂದೇ. ನಡಿ ಕರೀಂಸಾಬನ ದುಕಾನಿಗೆ."

ಬರೀ ಹಗೂರ ಅಂದರೆ ಭಾರ ಇಲ್ಲದ್ದು, ಮೆತ್ತಗಿನದು. ಅಣ್ಣನಿಗೆ ಕನ್ನಡ ಬರುತ್ತಿದ್ದಿಲ್ಲ ಅಂತಲ್ಲ. ತನ್ನ ಕೈಯ ತಪ್ಪು ಹೇಳುವ ಮಾತು ಅವನ ಕಿವಿಯ ಹತ್ತಿರ ಬಂದು ಬೇರೆ ಮಾತಾಗುತ್ತಿತ್ತು, ಅಷ್ಟೇ.

ಕರೀಂಸಾಬ ಹೈದರಾಬಾದಿನವನು. ಗಾಜಿಪುರದ ಮೂಲೆಯಲ್ಲಿ ಸೈಕಲ್ ರಿಪೇರಿ ಇಟ್ಟಿದ್ದ, ಮೋಟಾರಿನ ಕೆಲಸವೂ ಬರುತ್ತದೆ ಅಂತ ಹೇಳಿಕೊಳ್ಳುತ್ತಿದ್ದ. ಕನ್ನಡ ಅವನಿಗೆ ಊಟಕ್ಕೆ ಬೇಕಾದಷ್ಟೇ. ಅಣ್ಣ ಹೋದವನೇ, "ಉಸ್ತಾದ್, ಗಾಡಿ ಹಲ್ಕಾ ಹೋನಾ," ಅಂದ. ಹಗೂರಕ ಅನ್ನುವುದು ಹೀಗೆ ಉರ್ದುವಿಗೆ ಹೋಗಿ ಬರೀ ಭಾರದ ಮಾತಾಯಿತು. ನಿಧಾನ ಅನ್ನಲು 'ಆಹಿಸ್ತಾ' ಅಂದಿದ್ದರೆ ಅಲ್ಲೇ ಮುಗಿಯುತ್ತಿತ್ತು. ನಾನು ಹಿಂದಿನಿಂದ, "ಆಹಿಸ್ತಾ, ಆಹಿಸ್ತಾ," ಅಂದೆ. ಕರೀಂಸಾಬ ನನ್ನ ಕಡೆ ಕಣ್ಣು ಕೆಕ್ಕರಿಸಿದ.

"ಅವಸರ ಯಾರ್ ಮಾಡ್ತಾರ್ ಮಿಯಾ? ಆಹಿಸ್ತಾನೇ ಕೆಲಸ ಮಾಡ್ತೀನಿ ಮೈ."

ಆಮೇಲೆ ಫಟಫಟಿಯ ಸುತ್ತ ಒಂದು ಪ್ರದಕ್ಷಿಣೆ ಹಾಕಿದ. ಚಿಮಟಾದ ಬಗಲಿಗೆ ಕೈಯಿಂದ ತಿರುವುವ ಒಂದು ಕರಿ ಗುಂಡಿ ಇತ್ತು. ಅದನ್ನು ಬಿಗಿ ಮಾಡಿದರೆ ಮುಂದಿನ ಗಾಲಿಯ ಕುಣಿತ ಕಮ್ಮಿ, ಸಡಿಲ ಮಾಡಿದರೆ ಜಾಸ್ತಿ. ಸೀಟಿನ ಕೆಳಗೆ ದಪ್ಪ ಸ್ಪ್ರಿಂಗ್. ಹಿಂದಿನ ಗಾಲಿಗೆ ಏನೂ ಇಲ್ಲ, ಹಿಂದೆ ಕುಳಿತವರಿಗೆ ಇದ್ದದ್ದು ಒಂದು ಗಾದಿ, ಅದರ ಕೆಳಗಿನ ಎರಡು ಸ್ಪ್ರಿಂಗ್. ಆಳು ಕುಳಿತರೆ ಸೀಟು ಎರಡು ಬೆರಳು ಇಳಿಯಬೇಕು, ಅದಕ್ಕಿಂತ ಕಮ್ಮಿಯಾದರೆ ಬಿರುಸು, ಜಾಸ್ತಿಯಾದರೆ ಮೆತ್ತಗೆ ಅಂತ ಕರೀಂಸಾಬನ ಲೆಕ್ಕ.

"ಬೇಗಂಸಾಹೇಬಾ ಎಷ್ಟು ವಜನ್?" ಅಂತ ಕೇಳಿದ.

ಅಣ್ಣ ಆಚೆ ಈಚೆ ನೋಡಿದ. ಹೆಂಡತಿಯ ತೂಕ ಪೇಟೆಯಲ್ಲಿ ಹೇಳುವುದೆಂದರೆ ಹೇಗೆ? "ಹೂವಿನಂಗ ಅದಾಳ," ಅಂದ.

"ಹೂವು ಅಂದ್ರ ಎಷ್ಟು ಸೇರು?"

ಪಕ್ಕದಲ್ಲಿ ಟಾಂಗಾ ನಿಲ್ಲಿಸಿಕೊಂಡು ಬೀಡಿ ಸೇದುತ್ತಿದ್ದ ನಬಿಸಾಬನಿಗೆ ನಗು ತಡೆಯದೆ ಕೆಮ್ಮು ಹತ್ತಿತು.

ನಾನು ಮನೆಗೆ ಬಂದು ದೊಡ್ಡವ್ವನನ್ನು ಕೇಳಿದೆ, ವೈನಿ ಎಷ್ಟು ಭಾರ ಇರಬಹುದು ಅಂತ. ದೊಡ್ಡವ್ವ ಲಟ್ಟಣಿಗೆ ಎತ್ತಿದಳು. "ಬದುಕಿ ಬಾಳೋ ಸೊಸಿನ್ನ ತೂಗತೀರೇನೋ ತೊಗರಿ ತೂಗಿದಂಗ? ಹರಕಿ ಇದ್ರ ದೇವರ ಮುಂದ ತೂಗತಾರ. ಇಲ್ಲಂದ್ರ ಆಯುಷ್ಯ ಕಮ್ಮಿ ಆಗತದ. ಹೇಳು ನಿಮ್ಮ ಅಣ್ಣಗ!"

ಹೀಗಾಗಿ ತೂಗುವುದು ಬಿಟ್ಟು ವೈನಿಯ ಬದಲು ನನ್ನನ್ನೇ ಕೂಡಿಸುವುದು ಅಂತ ಆಯಿತು. ನಾನು ಬೆಳಗಿನಿಂದ ಸಂಜೆಯ ತನಕ ಚೀಲ ಹೊರುವ ಆಳು. ನನಗೂ ಹೂವಿಗೂ ಏನು ಸಂಬಂಧ ಅಂತ ಕೇಳಿದೆ. ಅಣ್ಣ, "ಉಸಿರು ಬಿಗಿ ಹಿಡದು ಕುಂದರು, ಹಗೂರ ಆಗತಿ," ಅಂದ. ಕರೀಂಸಾಬ ಒಪ್ಪಿದ. ಇಬ್ಬರು ಬುದ್ಧಿವಂತರ ನಡುವೆ ನಾನು ಕುಳಿತೆ.

"ಹಂಗಲ್ಲ ಮಲ್ಲಣ್ಣಾ, ಒಂದೇ ಬಾಜೂಕ ಕಾಲು ಹಾಕು. ನಿಮ್ಮ ವೈನಿ ಹಂಗೇ ಕೂಡತಾಳ."

ಹಾಗೇ ಕುಳಿತೆ. ಗಾಜಿಪುರದ ಅರ್ಧ ಮಂದಿ ಕೂಡಿದರು.

"ಏನ್ರೀ ಸೊಸೀ," ಅಂದ ನಬಿಸಾಬ, "ಅತ್ತಿ ಹ್ಯಾಂಗ ನೋಡ್ಕೋತಾಳ್ರೀ? ಹೊಟ್ಟಿ ತುಂಬ ಹಾಕತಾಳೋ ಇಲ್ಲೋ?"

"ಹಾಕದಿದ್ರ ಇಷ್ಟು ಮೀಸಿ ಬೆಳೀತಿತ್ತೇನು?" ಅಂದ ಮತ್ತೊಬ್ಬ.

ನಾನು ಅಣ್ಣನ ಬೆನ್ನು ನೋಡುತ್ತ ಕುಳಿತೆ. ಕರೀಂಸಾಬ ನನ್ನ ಕೆಳಗೆ ಬೆರಳು ಇಟ್ಟು ಅಳೆದ. ಸಾಹೇಬನ ಸ್ಪ್ರಿಂಗ್ ಒಂದು ಬೆರಳೂ ಇಳಿಯಲಿಲ್ಲ. ಸರಿ, ಬಿಚ್ಚಿದ. ಮುಂದಿನ ಸೀಟಿಗೆ ದೊಡ್ಡ ಸೈಕಲ್ಲಿನ ಸ್ಪ್ರಿಂಗ್ ಹಾಕಿದ. ಹಿಂದಿನ ಗಾದಿಗೆ ನಬಿಸಾಬನ ಟಾಂಗಾದ ಸೀಟಿನಿಂದ ಎರಡು ಸ್ಪ್ರಿಂಗ್ ತೆಗೆದು ಹಾಕಿದ. ಕರಿ ಗುಂಡಿ ಸಡಿಲ ಬಿಟ್ಟ. ಈಗ ನಾನು ಕುಳಿತರೆ ಎರಡು ಬೆರಳು ಅಲ್ಲ, ಇಡೀ ಗೇಣು ಇಳಿದೆ.

"ಮಖ್ಖನ್!" ಅಂದ ಕರೀಂಸಾಬ.

ಬೆಣ್ಣೆಯ ಮೇಲೆ ಕೂಡಿಸಿಕೊಂಡು ಅಣ್ಣ ನನ್ನನ್ನು ಕಮಲಾಪುರದ ದಾರಿಗೆ ಒಯ್ದ. ಊರು ದಾಟುವ ತನಕ ಚೆನ್ನಾಗಿತ್ತು. ರಸ್ತೆ ಖಾಲಿ ಕಂಡ ಕೂಡಲೆ ಅವನ ಬಲಗೈ ತಾನೇ ತಿರುಗಿತು. ಮೊದಲ ತಗ್ಗಿನಲ್ಲಿ ಗಾದಿ ಪೂರ್ತಿ ಇಳಿದು ನನ್ನ ಬೆನ್ನಿನ ಕಡೆಯ ಎಲುಬು ಕಬ್ಬಿಣಕ್ಕೆ ಬಡಿಯಿತು. ಏಳುವಾಗ ಕವಣೆಯ ಕಲ್ಲಿನಂತೆ ಒಗೆಯಿತು. ತೊಗರಿ ಹೊಲದಲ್ಲಿ ಬಿದ್ದೆ. ಬದುವಿನ ಆಚೆ ಕಳೆ ತೆಗೆಯುತ್ತಿದ್ದ ಹೆಣ್ಣುಮಕ್ಕಳು ಎದ್ದು ನಿಂತರು.

"ಅಣ್ಣಾ," ಅಂದೆ ಮಣ್ಣು ಉಗುಳಿ, "ಸ್ವಲ್ಪ ಹಗೂರಕ ನಡಸು."

"ಅದನ್ನೇ ಮಾಡಾಕತ್ತೀವಲ್ಲೋ! ಹಗೂರ ಮಾಡಲಿಕ್ಕೇ ಇಷ್ಟೆಲ್ಲಾ ಒದ್ದಾಟ! ನೀ ಏನು ಹೊಸಾದು ಹೇಳಾಕತ್ತಿ?"

ನಾನು ಅಲ್ಲೇ ಬದುವಿನ ಮೇಲೆ ಕುಳಿತುಬಿಟ್ಟೆ. ಒಂದು ಮಾತನ್ನು ಎಷ್ಟು ಸಲ ಹೇಳಬಹುದು? ಎತ್ತಿಗೆ ಒಂದು ಸಲ ಹೇಳಿದರೆ ತಿಳಿಯುತ್ತಿತ್ತು.

ಮರುದಿನ ಗುಂಡಿ ಬಿಗಿ ಮಾಡಿದರು. ಅದರ ಮರುದಿನ ಸಡಿಲ. ಗಾಲಿಯ ಗಾಳಿ ಕಮ್ಮಿ ಮಾಡಿದರು, ರಿಮ್ಮು ಟ್ಯೂಬ್ ಕಚ್ಚಿತು. ಜಾಸ್ತಿ ಮಾಡಿದರು, ನನ್ನ ಹಲ್ಲು ನಾಲಿಗೆ ಕಚ್ಚಿತು. ಅಣ್ಣ ಅಂಗಡಿಗೆ ಹೋಗುವುದನ್ನು ಬಿಟ್ಟ. ಗಂಜಿನಲ್ಲಿ ತೊಗರಿ ಚೀಲ ಮಳೆಗೆ ನೆನೆದವು. ದೊಡ್ಡವ್ವ ದಿನವೂ ಎದ್ದು, "ಚೌತಿ ಬಂತು," ಅನ್ನುವಳು. ಅಣ್ಣ, "ಇನ್ನೊಂದು ಸುತ್ತು ತಿರುವಿದ್ರ ಆತು," ಅನ್ನುವನು. ನಾನು ಬೋರಲು ಮಲಗಿ ಬೆನ್ನಿಗೆ ಎಣ್ಣೆ ಹಚ್ಚಿಸಿಕೊಳ್ಳುತ್ತ ಇಬ್ಬರ ಮಾತೂ ಕೇಳುವೆ. ಕೊಟ್ಟಿಗೆಯಲ್ಲಿ ನನ್ನ ಬಂಡಿ ಕೌದಿ ಹಾಸಿಕೊಂಡು ಸುಮ್ಮನೆ ನಿಂತಿತ್ತು.

ಚೌತಿಯ ಹಿಂದಿನ ದಿನ ಬಂತು. ಇನ್ನು ಬಿಟ್ಟರೆ ಹಿರಿಯರು ಕೂಡುತ್ತಿದ್ದರು. ವೈನಿಯ ಟ್ರಂಕು ತರಲು ನಾನು ಬಂಡಿ ಹೂಡಿಕೊಂಡು ಮೊದಲೇ ಹೋಗಿ ಕಮಲಾಪುರದಲ್ಲಿ ರಾತ್ರಿ ಉಳಿದಿದ್ದೆ. ಬೆಳಿಗ್ಗೆ ಬಿಸಿಲು ಏರುವ ಮೊದಲೇ ಅಣ್ಣ ಬಂದ. ತಲೆಗೆ ಹೊಸ ರುಮಾಲು. ಮಾವನವರ ಕಟ್ಟೆಯ ಮುಂದೆ ಇಳಿದು, ಬಂದ ಮಂದಿಗೆಲ್ಲ ಗಾದಿಯನ್ನು ಅಂಗೈಯಿಂದ ಒತ್ತಿ ಒತ್ತಿ ತೋರಿಸಿದ.

"ನೋಡ್ರಿ ಮಾವಾ, ನಿಮ್ಮ ಮಗಳ ಮಾತಿನ ಪ್ರಕಾರ ಪೂರಾ ಹಗೂರ ಮಾಡಿಸೀನಿ. ಟಾಂಗಾದ ಸ್ಪ್ರಿಂಗ್."

ಮಾವನವರು ಗಾದಿ ನೋಡಿದರು, ಅಳಿಯನನ್ನು ನೋಡಿದರು, ಆಮೇಲೆ ನನ್ನನ್ನು ನೋಡಿದರು. ನಾನು ಎತ್ತಿನ ಕೊರಳ ಗೆಜ್ಜೆ ನೋಡಿದೆ.

ವೈನಿ ಹೊರಗೆ ಬಂದರು. ಕೈ ತುಂಬ ಹಸಿರು ಬಳೆ. ತವರಿನಿಂದ ಹೊರಡುವ ಮಗಳಿಗೆ ಬುತ್ತಿ ಕಟ್ಟುತ್ತಾರೆ, ಮೊಸರಿನ ಗಡಿಗೆ ಕೊಡುತ್ತಾರೆ. ಬುತ್ತಿಯನ್ನು ನನ್ನ ಬಂಡಿಯಲ್ಲಿ ಇಟ್ಟರು. ಗಡಿಗೆಯನ್ನು ಇಡಲಿಲ್ಲ. ಕಂಠದ ತನಕ ಮೊಸರು, ಮೇಲೆ ಬಟ್ಟೆಯೂ ಕಟ್ಟಿದ್ದಿಲ್ಲ.

"ಅದನ್ನೂ ಬಂಡ್ಯಾಗ ಇಡು," ಅಂದ ಅಣ್ಣ.

"ಇದು ನನ್ನ ತೊಡಿ ಮ್ಯಾಲೆ ಇರತದ. ಇದರಾಗಿನ ಮೊಸರು ತುಳುಕಿದಲ್ಲಿ ನಾ ಇಳಿತೀನಿ. ಇಳಿದ ಮ್ಯಾಲೆ ಈ ಸಲ ಯಾರು ಕರೀಲಿಕ್ಕೆ ಬಂದ್ರೂ ಬರಂಗಿಲ್ಲ."

"ತುಳುಕಂಗಿಲ್ಲ ಬಿಡು, ಸ್ಪ್ರಿಂಗ್…"

"ಸ್ಪ್ರಿಂಗ್ ಸುಡ್ರಿ! ನಾ ಯಾವಾಗ ಸ್ಪ್ರಿಂಗ್ ಅಂದೆ? ಹಗೂರಕ ನಡಸ್ರಿ ಅಂದೆ. ಹಗೂರಕ! ಸಾವಕಾಶ! ಎತ್ತಿನ ಬಂಡಿ ಹೋದಂಗ!"

ಅಣ್ಣ ಮೆಲ್ಲಗೆ ನನ್ನ ಕಡೆ ತಿರುಗಿದ.

"ಏನೋ ಮಲ್ಲಣ್ಣಾ, ಇದನ್ನ ಯಾಕ ಹೇಳಲಿಲ್ಲ ನೀನು?"

ಈ ಕೂದಲು ಬೆಳ್ಳಗಾಗಿ ಎಷ್ಟೋ ವರ್ಷ ಆದವು. ಆ ಮಾತು ನೆನಪಾದರೆ ಈಗಲೂ ಬೆನ್ನಿನ ಕಡೆಯ ಎಲುಬು ನೋಯುತ್ತದೆ.

ಹೊರಟೆವು. ಮುಂದೆ ಫಟಫಟಿ, ಹಿಂದೆ ನನ್ನ ಬಂಡಿ. ಆ ಇಳಿಜಾರು ಬಂದಾಗ ಅಣ್ಣ ಎರಡೂ ಕಾಲು ನೆಲಕ್ಕೆ ಎಳೆಯುತ್ತ ಇಳಿದ. ನಿಧಾನಕ್ಕೆ ನಡೆಸಿದರೆ ಆ ಮೆತ್ತನೆ ಸ್ಪ್ರಿಂಗುಗಳಿಂದ ಫಟಫಟಿ ಹೊಳೆಯ ತೆಪ್ಪದ ಹಾಗೆ ಅತ್ತ ಇತ್ತ ತೂಗುತ್ತಿತ್ತು. ಸಾಹೇಬನ ಬಿರುಸು ಸ್ಪ್ರಿಂಗೇ ಇದ್ದಿದ್ದರೆ ಈ ನಡಿಗೆಗೆ ಏನೂ ಆಗುತ್ತಿದ್ದಿಲ್ಲ. ವೈನಿ ಎರಡೂ ಕೈಯಿಂದ ಗಡಿಗೆ ಹಿಡಿದು ಅದರ ಅಂಚನ್ನೇ ನೋಡುತ್ತ ಕುಳಿತಿದ್ದರು. ಮೊಸರು ಒಮ್ಮೆ ಈ ಅಂಚಿಗೆ ಬಂದು ನಿಲ್ಲುವುದು, ಒಮ್ಮೆ ಆ ಅಂಚಿಗೆ.

ಮಹಾಗಾಂವದ ಹತ್ತಿರ ಹಿಂದಿನಿಂದ ಪ್ಯಾಸಿಂಜರ್ ಮೋಟಾರು ಬಂತು. ಹಾರ್ನ್ ಹೊಡೆದು ಪಕ್ಕಕ್ಕೆ ಬಂದು, ಕಿಟಕಿಯಿಂದ ಒಬ್ಬ ತಲೆ ಹೊರಗೆ ಹಾಕಿ, "ಸಾಹುಕಾರ್ರೇ, ಫಟಫಟಿಗೆ ಎತ್ತು ಹೂಡಲಿಲ್ಲೇನ್ರೀ?" ಅಂದ. ಇಡೀ ಮೋಟಾರು ನಕ್ಕಿತು.

ಅಣ್ಣನ ಬಲಗೈ ತಿರುಗಿದ್ದು ನನಗೆ ಬಂಡಿಯಿಂದ ಕಂಡಿತು. ಫಟಫಟಿಯ ಸಪ್ಪಳ ಏರಿತು. ನಾನು ಹಗ್ಗ ಜಗ್ಗಿ ಎತ್ತು ನಿಲ್ಲಿಸಿದೆ. ಮೊಸರು ಅಂಚಿನ ಮೇಲೆ ಬೆಳ್ಳಗೆ ಎದ್ದು ನಿಂತಿತು.

"ಗಟ್ಟಿ ಹಿಡೀರಿ," ಅಂದರು ವೈನಿ. ದನಿ ಏರಿಸಲಿಲ್ಲ. ಎಡಗಾಲನ್ನು ಮಾತ್ರ ನೆಲದ ಕಡೆ ಚಾಚಿದರು.

ಸಪ್ಪಳ ಇಳಿಯಿತು. ಮೋಟಾರು ಧೂಳು ಹಾರಿಸಿ ಹೋಯಿತು. ಮೊಸರು ತಿರುಗಿ ಕೆಳಗೆ ಕುಳಿತಿತು. ಅಣ್ಣ ಹಾಗೇ, ಆ ಧೂಳನ್ನು ನುಂಗುತ್ತ, ಬಂಡಿಯ ವೇಗದಲ್ಲಿ ಕಲಬುರ್ಗಿಯ ತನಕ ಬಂದ. ಇಂಜಿನ್ ಕಾದು ಎರಡು ಕಡೆ ನಿಲ್ಲಿಸಿ ಒದ್ದೆ ಬಟ್ಟೆ ಹಾಕಬೇಕಾಯಿತು. ಅಲ್ಲಿ ಕೂಡ ವೈನಿ ಗಡಿಗೆ ಕೆಳಗಿಡಲಿಲ್ಲ.

ದೀಪ ಹಚ್ಚುವ ಹೊತ್ತಿಗೆ ಮನೆ ಮುಟ್ಟಿದೆವು. ದೊಡ್ಡವ್ವ ಆರತಿ ಬೆಳಗಿದಳು. ಸೊಸೆ ಕೊಟ್ಟ ಗಡಿಗೆಯಲ್ಲಿ ಬೆರಳು ಅದ್ದಿ ನೆಕ್ಕಿದಳು.

"ಇಷ್ಟೊತ್ತು ಎಲ್ಲಿ ಅಡ್ಡಾಡತಿದ್ರಿ? ಹುಳಿ ಆಗ್ಯಾದ."

ವೈನಿ ನಕ್ಕರು. ಬಿದ್ದ ದಿನದ ನಂತರ ಅವರು ನಕ್ಕಿದ್ದನ್ನು ನಾನು ಕಂಡದ್ದು ಅದೇ ಮೊದಲು. ಅಣ್ಣನೂ ನಕ್ಕ. ನಾನು ಎತ್ತು ಬಿಚ್ಚಿದೆ. ಇನ್ನಾದರೂ ಮುಗಿಯಿತು ಅಂದುಕೊಂಡೆ.

ಮರುದಿನ ಚೌತಿ. ಅದರ ಮರುದಿನ ಬೆಳಿಗ್ಗೆಯೇ ಅಣ್ಣ ಕೊಟ್ಟಿಗೆಗೆ ಬಂದು ನನ್ನನ್ನು ಎಬ್ಬಿಸಿದ.

"ಏಳೋ. ಕರೀಂಸಾಬನ ಹತ್ರ ಹೋಗೋಣು. ನಿಮ್ಮ ವೈನಿ ಮಹಾಗಾಂವದಾಗ ಏನಂದ್ಲು, ನೀನೇ ಕೇಳಿಯಲ್ಲಾ?"

"ಗಟ್ಟಿ ಹಿಡೀರಿ ಅಂದ್ರು ಅಣ್ಣಾ. ಹ್ಯಾಂಡಲ್."

"ಗಟ್ಟಿ! ಅದೇ ಮತ್ತ! ಮೆತ್ತಗ ಭಾಳ ಆಗ್ಯಾದ, ಸಾಹೇಬನ ಸ್ಪ್ರಿಂಗೇ ಛಲೋ ಇತ್ತು. ನಡಿ."

ಕರೀಂಸಾಬ ಆಗಷ್ಟೇ ದುಕಾನಿನ ಬಾಗಿಲು ತೆಗೆಯುತ್ತಿದ್ದ. ಅಣ್ಣ ರಸ್ತೆ ದಾಟುವ ಮೊದಲೇ ಗಟ್ಟಿಯನ್ನು ಉರ್ದು ಮಾಡಿ ಕೂಗಿದ, "ಉಸ್ತಾದ್, ಗಾಡಿ ಸಖ್ತ್ ಹೋನಾ! ಪೂರಾ ಸಖ್ತ್!"

ಕರೀಂಸಾಬ ಫಟಫಟಿ ನೋಡಿದ. ಅದರ ಹಿಂದೆ ಬರುತ್ತಿದ್ದ ನನ್ನನ್ನು ನೋಡಿದ. ನಾನು ಕೈ ಮುಗಿದೆ. ಅವನೂ ಮುಗಿದ. ಸಾಹೇಬನ ಹಳೆಯ ಸ್ಪ್ರಿಂಗುಗಳನ್ನು ಒಂದು ಚಿಂದಿಯಲ್ಲಿ ಸುತ್ತಿ ನನ್ನ ಕೈಗೆ ಕೊಟ್ಟು, ತೆಗೆದ ಬಾಗಿಲನ್ನು ತಿರುಗಿ ಹಾಕಿಕೊಂಡ.

ಹೈದರಾಬಾದಿನಲ್ಲಿ ಅವನ ತಮ್ಮನಿದ್ದ. ಶುಕ್ರವಾರ ನಮಾಜು ಮುಗಿದ ಮೇಲೆ ಕರೀಂಸಾಬ ಪಾನಾ, ಸುತ್ತಿಗೆ ಎಲ್ಲ ಒಂದು ಡಬ್ಬಿಯಲ್ಲಿ ತುಂಬಿ, ಊರು ಬಿಟ್ಟು ತಮ್ಮನ ಹತ್ತಿರ ಹೋಗಲು ನಬಿಸಾಬನ ಟಾಂಗಾದಲ್ಲಿ ಸ್ಟೇಶನ್ನಿಗೆ ಹೋದ. ಆ ಟಾಂಗಾದ ಸೀಟಿಗೆ ಸ್ಪ್ರಿಂಗ್ ಇದ್ದಿಲ್ಲ.